ಮೌನಪ್ಪನ ಟೀಮಿಗೆ ಆರಾಮಿಲ್ಲ

ಆ ಭಾನುವಾರ ಬೆಳಿಗ್ಗೆ ನನ್ನ ಗಂಡ ಬಚ್ಚಲಲ್ಲಿ ನಿಂತು ಟೀಮ್ ಹೇಳುತ್ತಿದ್ದರು. ಒಂದು ಚೊಂಬು ನೀರು ಸುರಿದುಕೊಳ್ಳುವುದು, ಒಬ್ಬ ಆಟಗಾರನ ಹೆಸರು ಕೂಗುವುದು, ಮತ್ತೆ ನೀರು. ನಮ್ಮ ಬಚ್ಚಲೆಂದರೆ ರೂಮಿನ ಹೊರಗೆ ತಗಡು ನಿಲ್ಲಿಸಿದ ಒಂದು ಮೂಲೆ. ಅಲ್ಲಿ ಕೆಮ್ಮಿದರೂ ಹೈದರಾಬಾದಿನ ಕುಷಾಯಿಗೂಡದ ನಮ್ಮ ಗಲ್ಲಿಗೆಲ್ಲ ಕೇಳುತ್ತದೆ.

"ಮೊದಲಿಗೆ ಬರ್ತಾನ ನೋಡ್ರಿ, ಸುರಪುರದ ಸಾಬಣ್ಣ! ಕೈಯಾಗ ಹಿಡಿದಿದ್ದು ಬ್ಯಾಟ್ ಅಲ್ರೆಪಾ, ಸೆಂಟ್ರಿಂಗ್ ಹಲಗಿ! ಇವಗ ಆರಾಮಿಲ್ಲ!"

ಪಕ್ಕದ ರೂಮಿನ ಯಾದಮ್ಮ ಬಾಗಿಲಿಗೆ ಬಂದು ಬೈದಳು. "ಏಂ ಲೊಲ್ಲಿ ಅನ್ನಾ! ಪಿಲ್ಲಗಾಡು ಪಂಡುಕುನ್ನಡು." ಮಗು ಮಲಗಿದೆ, ಏನಿದು ಗದ್ದಲ ಅಂತ.

"ಕ್ರಿಕೆಟ್ ಯಾದಮ್ಮಾ, ಕ್ರಿಕೆಟ್!" ಅಂದರು ಇವರು ಒಳಗಿಂದಲೇ.

"ಮುಸಲೋಡಿಕಿ ಕ್ರಿಕೆಟಾ?" ಮುದುಕನಿಗೆ ಕ್ರಿಕೆಟ್ ಯಾಕೆ ಅಂದಳು. ಅಂದು ತಾನೇ ನಕ್ಕು ಒಳಗೆ ಹೋದಳು.

ಗಂಡನ ಹೆಸರು ಬಾಯಲ್ಲಿ ಹೇಳುವ ರೂಢಿ ನನಗಿಲ್ಲ. ಬರೆಯುವುದಕ್ಕೆ ಅಡ್ಡಿಯಿಲ್ಲ, ಬರೆಯುತ್ತೇನೆ. ಮೌನಪ್ಪ. ಊರು ಶಹಾಪುರದ ಹತ್ತಿರ. ಮೀಸೆ ಬರುವ ಮೊದಲೇ ಹೈದರಾಬಾದಿಗೆ ಬಂದವರು. ಮೊದಲು ಉಸುಕು ಹೊತ್ತರು, ಆಮೇಲೆ ಸೆಂಟ್ರಿಂಗ್ ಕೆಲಸ ಕಲಿತರು. ಸ್ಲ್ಯಾಬ್ ಹಾಕುವ ಮೊದಲು ಕೆಳಗೆ ಕಂಬ ಕೊಟ್ಟು ಹಲಗೆ ಬಡಿಯುತ್ತಾರಲ್ಲ, ಆ ಕೆಲಸ. ಮೇಸ್ತ್ರಿಯಾದರು. ನಾನು ಅವರ ಕೈಕೆಳಗೇ ಕೂಲಿ ಮಾಡಿದೆ. ಕೆಲಸದಲ್ಲಿ ನನಗೂ ಬೈಯುತ್ತಿದ್ದರು, ಎಲ್ಲರಿಗೆ ಬೈದ ಹಾಗೆ. ಮನೆಗೆ ಬಂದ ಮೇಲೆ ಬೈಯುತ್ತಿರಲಿಲ್ಲ.

ಆಗ ನಮ್ಮ ಕಡೆಯವರೆಲ್ಲ ಫ್ಯಾಕ್ಟರಿ ಗೋಡೆಯ ಪಕ್ಕ ಜೋಪಡಿ ಹಾಕಿಕೊಂಡಿದ್ದರು. ಮುಂದೆ ಬಯಲು. ಭಾನುವಾರ ಬಂತೆಂದರೆ ಟೆನಿಸ್ ಚೆಂಡಿನ ಕ್ರಿಕೆಟ್. ಗಾರೆಯವರು, ಪೇಂಟಿನವರು, ಸೆಂಟ್ರಿಂಗ್‌ನವರು, ಆಟೋದವರು. ಇವರು ಆಡುತ್ತಿರಲಿಲ್ಲ, ಅಂಪೈರ್ ನಿಲ್ಲುತ್ತಿದ್ದರು. ಕೂಗಾಟ, ಹೊಡೆದಾಟ ಎಲ್ಲ ಇತ್ತು. ಈಗ ಆ ಬಯಲಿನಲ್ಲಿ ಅಪಾರ್ಟ್‌ಮೆಂಟ್ ನಿಂತಿದೆ. ಆಡುತ್ತಿದ್ದವರಲ್ಲಿ ಕೆಲವರು ಊರಿಗೆ ಹೋದರು, ಕೆಲವರ ಮಂಡಿ ಹೋಯಿತು, ಕೆಲವರು ಸತ್ತರು.

ಆಟ ಮಾತ್ರ ಬಿಡಲಿಲ್ಲ. ಕಾಶಿನಾಥಣ್ಣನ ಚಹಾ ಹೋಟೆಲಿನಲ್ಲಿ ಬೆಂಚಿನ ಮೇಲೆ ದಾಳ ಹಾಕಿ ಆಡಲು ಹಿಡಿದರು. ಬ್ಯಾಟು ಬಿಟ್ಟವರಷ್ಟೇ ಅದರಲ್ಲಿ ಆಟಗಾರರು. ಒಬ್ಬೊಬ್ಬ ಆಟಗಾರನಿಗೂ ಒಂದು ರಟ್ಟು. ಯಾವ ದಾಳ ಬಿದ್ದರೆ ಅವನು ಎಷ್ಟು ಓಟ ಹೊಡೆಯುತ್ತಾನೆ, ಯಾವುದು ಬಿದ್ದರೆ ಔಟಾಗುತ್ತಾನೆ ಅಂತ ಅದರ ಮೇಲೆ ಬರೆದಿರುತ್ತದೆ. ಅವನು ಬಯಲಿನಲ್ಲಿ ಹೇಗೆ ಆಡುತ್ತಿದ್ದನೋ ಹಾಗೆ ರಟ್ಟು. ಇದಕ್ಕೂ ಜಗಳವಾಡಿಯೇ ಬರೆದರು. ನಾಲ್ಕು ಟೀಮು. ಒಂದು ಕಾಶಿನಾಥಣ್ಣನದು, ಒಂದು ಆಟೋ ವಿಠಲನದು, ಒಂದು ಪೇಂಟ್ ಕೆಲಸದ ಆನಂದಕುಮಾರನದು, ಒಂದು ಇವರದು. ಊರಿಗೆ ಹೋದವರು ಇಲ್ಲಿ ಆಡುತ್ತಾರೆ. ಸತ್ತವರೂ ಆಡುತ್ತಾರೆ.

ವರ್ಷದ ಆಟ ಶುರುವಾಗುವ ಮೊದಲ ಭಾನುವಾರ ದಾಳ ಹಾಕುವುದಿಲ್ಲ. ಅವತ್ತು ಟೀಮ್ ಹೇಳುವುದು. ಟೀಮಿನ ಯಜಮಾನ ಎದ್ದು ನಿಂತು ತನ್ನ ಆಟಗಾರರನ್ನು ಒಬ್ಬೊಬ್ಬರಾಗಿ ಹೊಗಳಬೇಕು. ಲೆಕ್ಕಕ್ಕಿಂತ ಹೆಚ್ಚಿರುವ ಇಬ್ಬರನ್ನು ಹೊರಗೆ ಕೂರಿಸಬೇಕು. ಕೂರಿಸಿದವನಿಗೆ "ಇವಗ ಆರಾಮ" ಅನ್ನುತ್ತಾರೆ. ಆಡುವವನಿಗೆ "ಇವಗ ಆರಾಮಿಲ್ಲ" ಅನ್ನುತ್ತಾರೆ. ಆಗ ಕುಂತವರೆಲ್ಲ "ಆರಾಮಿಲ್ಲ!" ಎಂದು ಕೂಗಿ ಚಪ್ಪಾಳೆ ಹೊಡೆಯಬೇಕು. ನಮ್ಮ ಕಡೆ ಮೈ ಹುಷಾರಿಲ್ಲದವನಿಗೂ ಇದೇ ಮಾತು. ಅದಕ್ಕೆ ನನಗೆ ಸೇರುತ್ತಿರಲಿಲ್ಲ.

"ಮನಿಯಾಗ ಆ ಮಾತು ಒದರಬ್ಯಾಡ್ರಿ. ಕೇಳಿದವ್ರು ನಿಮಗ ಜ್ವರಾ ಬಂದೈತಿ ಅನ್ಕೋತಾರ," ಅಂದೆ ಅವತ್ತು.

"ಜ್ವರಾ ಬಂದ್ರ ಹಿಂಗ ಒದರಾಕ ಆಗ್ತೈತೇನ? ನನ್ನ ನೀಲಿ ಅಂಗಿ ಎಲ್ಲೈತಿ?"

ಇಸ್ತ್ರಿ ಮಾಡಿಸಿ ಇಟ್ಟಿದ್ದೆ. ಹಾಕಿಕೊಂಡು ಕನ್ನಡಿ ನೋಡಿದರು. ಮೀಸೆ ತಿದ್ದಿದರು.

"ಮದುವಿಗೂ ಇಷ್ಟ ತಯಾರಾಗಿದ್ದಿಲ್ಲ ನೀವು."

"ಮದುವ್ಯಾಗ ನೀ ಒಬ್ಬಾಕಿ ನೋಡ್ತಿದ್ದಿ. ನೀನೂ ತಲಿ ತಗ್ಗಿಸಿ ಕುಂತಿದ್ದಿ. ಇಲ್ಲಿ ಮಂದಿ ಮಾರಿ ಮ್ಯಾಲ ಮಾರಿ ಇಟ್ಟು ನೋಡ್ತಾರ."

ರೊಟ್ಟಿ, ಪುಂಡಿಪಲ್ಯ ತಿಂದರು. ಮತ್ತೊಂದು ರೊಟ್ಟಿ ಕೇಳಿ ಹಾಕಿಸಿಕೊಂಡರು. ಚೆನ್ನಾಗಿಯೇ ತಿಂದರು. ಆಮೇಲೆ ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ, ಬೆಳಿಗ್ಗೆ ಏನಾದರೂ ಗೊತ್ತಾಗುತ್ತಿತ್ತಾ ಅಂತ. ಏನೂ ಗೊತ್ತಾಗುತ್ತಿರಲಿಲ್ಲ.

ಹೊಸಿಲು ದಾಟುವಾಗ ನಾನು ಕೇಳಿದೆ, "ಬಸುನ ಇಟ್ಟೀರಿ ಹೌದಿಲ್ಲೋ?"

"ಬಸುನ ಬಿಟ್ಟು ನಾ ಮನಿಗೆ ಬರಾಕ ಆಗ್ತೈತೇನ? ನೀ ಬಾಗಲಾ ತೆಗಿತೀಯೇನ?"

ಬಸು ನನ್ನ ತಮ್ಮ. ನಮ್ಮ ಜೊತೆಗೇ ಹೈದರಾಬಾದಿಗೆ ಬಂದವನು, ನಮ್ಮ ಜೋಪಡಿಯಲ್ಲೇ ಇದ್ದವನು. ಮದುವೆಗೆ ಹುಡುಗಿ ನೋಡುವ ಹೊತ್ತಿಗೆ ಕಾಮಾಲೆ ಬಂದು ಸತ್ತ. ಅವನಿಗೆ ಆಟದ ಹುಚ್ಚು ಬಹಳ, ಆಟ ಬರುತ್ತಿರಲಿಲ್ಲ. ಒಮ್ಮೆ ಮಾತ್ರ ಕಣ್ಣು ಮುಚ್ಚಿ ಬೀಸಿದ್ದು ಫ್ಯಾಕ್ಟರಿ ಗೋಡೆ ದಾಟಿ ಆಚೆ ಬಿತ್ತು. ಅದಕ್ಕೇ ಅವನ ರಟ್ಟಿನಲ್ಲಿ ಎರಡೂ ದಾಳ ಆರು ಬಿದ್ದರೆ ಸಿಕ್ಸ್. ಉಳಿದದ್ದಕ್ಕೆ ಒಂದೋ ಎರಡೋ, ಇಲ್ಲದಿದ್ದರೆ ಔಟು. ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ, ಇವರು ತೆಗೆದುಕೊಂಡರು. ಪ್ರತಿ ವರ್ಷ ಕೊನೆಯ ಆಟಗಾರ ಬಸು. ಭಾನುವಾರ ಹೋಟೆಲಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಹೇಳುತ್ತಿದ್ದರು. "ಇವತ್ತ ನಿನ್ನ ತಮ್ಮ ಎರಡ ಹೊಡದ." "ಇವತ್ತ ನಿನ್ನ ತಮ್ಮ ನಿಂತ ನೋಡಿದ, ಬಾಲ್ ಬಂದು ಕಡ್ಡಿಗೆ ಬಡೀತು." ಹೀಗೆ ಸತ್ತ ತಮ್ಮನ ಸುದ್ದಿ ನನಗೆ ವಾರ ವಾರ ಬರುತ್ತಿತ್ತು. ಬೇರೆ ಯಾರಿಗೆ ಹಾಗೆ ಬರುತ್ತದೆ?

ಮಧ್ಯಾಹ್ನ ನಾನು ಜೋಳ ಹಸನು ಮಾಡುತ್ತಿದ್ದೆ. ವಿಠಲನ ಆಟೋ ಬಂತು. ಇಂಜಿನ್ ಬಂದ್ ಮಾಡದೆ ಇಳಿದ.

"ವೈನಿ, ಅಣ್ಣಗ ಆರಾಮಿಲ್ಲ. ಜಲ್ದಿ ಬರ್ರಿ."

ನಾನು ನಕ್ಕೆ. "ನಿಮ್ಮ ಅಣ್ಣಗ ಯಾವತ್ತ ಆರಾಮ ಇತ್ತೋ ವಿಠಲಾ? ಟೀಮ್ ಹೇಳಾದು ಮುಗೀತಂದ್ರ ಊಟಕ್ಕ ಬಾ ಅನ್ನು."

ಅವನು ನಗಲಿಲ್ಲ.

"ಆಟದ ಮಾತಲ್ರಿ ವೈನಿ. ಖರೇನ ಆರಾಮಿಲ್ಲ."

ಮೊರದಲ್ಲಿದ್ದ ಜೋಳ ಹಾಗೇ ಇಟ್ಟು ಆಟೋ ಹತ್ತಿದೆ. ಬಾಗಿಲು ಹಾಕಿದೆನೋ ಇಲ್ಲವೋ. ದಾರಿಯಲ್ಲಿ ನಾನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ.

ಆಸ್ಪತ್ರೆಯಲ್ಲಿ ಒಬ್ಬಳು ಡಾಕ್ಟರಮ್ಮ, ನನ್ನ ಮಗಳಷ್ಟು ವಯಸ್ಸು. ತೆಲುಗಿನಲ್ಲಿ ಹೇಳಿದಳು. ಗುಂಡೆಪೋಟು ಅಂದಳು. ನನಗೆ ತಿಳಿಯಲಿಲ್ಲ ಅಂದುಕೊಂಡು ಹಿಂದಿಯಲ್ಲಿ ಮತ್ತೆ ಹೇಳಿದಳು. ಎದೆ ಒಡೆದಿದೆ, ಇಲ್ಲಿಗೆ ತರುವಾಗಲೇ ಜೀವ ಇರಲಿಲ್ಲ ಅಂತ. ನನಗೆ ಎರಡೂ ಭಾಷೆ ತಿಳಿಯುತ್ತವೆ. ಎರಡು ಸಲ ಕೇಳಿದ ಹಾಗಾಯಿತು.

ಇವರು ಕಬ್ಬಿಣದ ಮಂಚದ ಮೇಲಿದ್ದರು. ನೀಲಿ ಅಂಗಿಯ ಮೇಲೆ ಚಹಾ ಚೆಲ್ಲಿತ್ತು. ನಾನು ಕಾಶಿನಾಥಣ್ಣನಿಗೆ ಅಂದೆನಂತೆ, "ಚಾದ ಕಲೆ ಒಣಗಿದ್ರ ಹೋಗಂಗಿಲ್ಲ, ಅಂಗಿ ಬಿಚ್ಚಿ ಕೊಡ್ರಿ, ತೊಳಕೊಂಡ ಬರ್ತೀನಿ." ಅಂದದ್ದು ನನಗೆ ನೆನಪಿಲ್ಲ. ಅಂದೆ ಅಂತ ಅವರು ಹೇಳುತ್ತಾರೆ. ಅಳು ಬರಲಿಲ್ಲ. ಬೆಳಿಗ್ಗೆ ಇನ್ನೊಂದು ರೊಟ್ಟಿ ಕೇಳಿದ ಮನುಷ್ಯ. ಮೈ ಇನ್ನೂ ಬೆಚ್ಚಗಿತ್ತು.

"ಏನಾತು ಕಾಶಣ್ಣಾ?" ಅಂತ ಕೇಳಿದೆ.

"ಏನೂ ಆಗ್ಲಿಲ್ಲವ್ವ ತಂಗಿ. ಚಾ ಕುಡಕೋತ ಕುಂತಾವ ಹಂಗ ವಾಲಿದ. ನೋವು ಗೀವು ಏನೂ ಇಲ್ಲ."

ಊರಿಗೆ ಒಯ್ದೆವು. ಮಣ್ಣಾಯಿತು. ದಿನಕಾರ್ಯ ಆಯಿತು. ಮಗಳು ಸುವರ್ಣಾ ಗಂಡನ ಜೊತೆ ಉಪ್ಪಲ್‌ನಲ್ಲಿ ಇರುತ್ತಾಳೆ. ನನ್ನ ಮನೆಗೆ ಬಂದುಬಿಡು ಅಂದಳು. ನಾನು ಕುಷಾಯಿಗೂಡದ ರೂಮಿಗೇ ಬಂದೆ. ಜೋಳ ಮೊರದಲ್ಲೇ ಇತ್ತು, ಹುಳ ಹತ್ತಿತ್ತು.

ಆ ದಿನಗಳಲ್ಲಿ ನನ್ನ ತಲೆ ನಿಂತುಬಿಟ್ಟಿತ್ತು. ಸದ್ದಾದರೆ ಬಾಗಿಲು ನೋಡುವುದು. ಯಾದಮ್ಮ ಸಾರು ತಂದು ಇಡುತ್ತಿದ್ದಳು. "ತಿನು ಅಕ್ಕಾ," ಅಂತ ಎದುರಿಗೇ ಕೂರುತ್ತಿದ್ದಳು. ಬಚ್ಚಲಿನ ಕಡೆ ಕೈ ಮಾಡಿ, "ಲೊಲ್ಲಿ ಲೇದು," ಗದ್ದಲ ಇಲ್ಲ ಅಂದು ತಾನೇ ಅತ್ತಳು. ನನಗೆ ಆಗಲೂ ಬರಲಿಲ್ಲ.

ಒಂದು ಸಂಜೆ ಕಾಶಿನಾಥಣ್ಣ ಬಂದ. ಚಹಾ ಬೇಡ ಅಂದ. ಚಹಾ ಹೋಟೆಲಿನವನು ಚಹಾ ಬೇಡ ಅಂದರೆ ಏನೋ ಇದೆ ಅಂತ ನನಗೆ ಗೊತ್ತಾಯಿತು.

"ತಂಗಿ, ಹ್ಯಾಂಗ ಹೇಳಬೇಕೋ ಗೊತ್ತಾಗವಲ್ದು. ಭಾನುವಾರ ಮತ್ತ ಸೇರೋಣಂತ ಮಾಡೀವಿ. ಮೌನಪ್ಪಂದು ಟೀಮ್ ಹೇಳೋದು ಅರ್ಧಕ್ಕ ನಿಂತೈತಿ. ರೂಲ್ ನಿನಗ ಗೊತ್ತೇ ಐತಿ."

"ನನಗೇನ ಗೊತ್ತೈತಿ? ಹೇಳು."

"ಟೀಮ್ ಯಜಮಾನ ಹೇಳಬೇಕು, ಇಲ್ಲಾ ಅವನ ಮನಿಯವ್ರು ಹೇಳಬೇಕು. ಯಾರೂ ಹೇಳಲಿಲ್ಲ ಅಂದ್ರ ಟೀಮ್ ಒಡದು ಹಂಚಬೇಕು. ಈ ರೂಲ್ ಮಾಡಿದಾವನೂ ಮೌನಪ್ಪನ."

"ಹಂಚಿದ್ರ ಬಸುನ ಯಾರ ತಗೋತಾರ?"

ಕಾಶಿನಾಥಣ್ಣ ತಲೆ ಕೆರೆದುಕೊಂಡ. "ಸಾಬಣ್ಣನ್ನ ವಿಠಲ ಕೇಳ್ಯಾನ. ಮಾಬುನ್ನ ಆನಂದಕುಮಾರ ಕೇಳಾಕತ್ತಾನ. ಬಸು... ನೋಡೋಣು."

"ನೋಡೋಣು ಅಂದ್ರ?"

"ಒಬ್ಬೊಬ್ಬರ ಟೀಮ್‌ನಾಗ ಇಷ್ಟೇ ಮಂದಿ ಅಂತ ಐತಲ್ಲವ್ವ. ಜಾಗಾ ಇಲ್ಲ. ಉಳಿದ ರಟ್ಟು ಡಬ್ಬಿಯಾಗ ಇಡ್ತೀವಿ."

ಒಂದು ಮಣ್ಣು ಈಗಷ್ಟೇ ಮಾಡಿ ಬಂದಿದ್ದೆ. ಇನ್ನೊಂದು ಸಲ ತಮ್ಮನನ್ನೂ ಮಣ್ಣು ಮಾಡಿ ಅಂದ ಹಾಗೆ ಕೇಳಿತು. ಇವರಿಲ್ಲ. ಇನ್ನು ಬಸುನ ಸುದ್ದಿಯೂ ಇಲ್ಲ.

"ನಾ ಹೇಳ್ತೀನಿ ಟೀಮ್," ಅಂದೆ.

"ನೀನಾ?"

"ನಾ ಮನಿಯವಳು ಹೌದಲ್ಲೋ?"

"ಹೌದವ್ವ. ಆದ್ರ ಹೆಂಗಸರು ಹೋಟೆಲಿಗೆ ಬಂದು... ಅದೂ ಇಷ್ಟ ಜಲ್ದಿ... ಮಂದಿ ಏನಂದಾರು?"

"ಉಸುಕು ಹೊರುವಾಗ ಮಂದಿ ಏನಂದ್ರು? ಅದನ್ನ ಅನ್ಲಿ."

ಮಗಳಿಗೆ ಫೋನ್ ಮಾಡಿ ಹೇಳಿದೆ. "ಅವ್ವಾ, ನಿನಗ ತಲಿ ಕೆಟ್ಟೈತಿ," ಅಂದಳು. ಆಮೇಲೆ ತಾನೇ, "ಬಸು ಮಾವಂದು ಹೆಸರು ಕಡೀಗೆ ಹೇಳು, ಅಪ್ಪ ಹಂಗ ಹೇಳ್ತಿದ್ದ," ಅಂದಳು.

ಭಾನುವಾರ ಹೋದೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಎರಡು ಬೆಂಚು, ಒಂದು ಫ್ಯಾನು. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಒಬ್ಬ ಬೀಡಿ ಮುಚ್ಚಿಟ್ಟ. ಇವರು ಕೂರುತ್ತಿದ್ದ ಜಾಗ ಯಾವುದು ಅಂತ ನಾನು ಕೇಳಲಿಲ್ಲ. ಗೋಡೆಯ ಕಡೆ ಒಂದು ಜಾಗ ಯಾರೂ ಕೂರದೆ ಬಿಟ್ಟಿದ್ದರು.

"ಅವರು ಎಲ್ಲೀತನಕ ಹೇಳ್ಯಾರ? ಅಲ್ಲಿಂದ ಮುಂದ ಹೇಳ್ತೀನಿ," ಅಂದೆ.

ಒಬ್ಬರ ಮುಖ ಒಬ್ಬರು ನೋಡಿದರು.

ವಿಠಲ ಪ್ರತಿ ವರ್ಷ ಟೀಮ್ ಹೇಳುವುದನ್ನು ಫೋನಿನಲ್ಲಿ ತುಂಬಿಕೊಳ್ಳುತ್ತಿದ್ದ. ಊರಿಗೆ ಹೋದ ಸಾಬಣ್ಣ, ದೇವಿಂದ್ರಪ್ಪ ಇವರಿಗೆಲ್ಲ ಕಳಿಸುತ್ತಿದ್ದ. ಅವರು ಊರಿನ ಕಟ್ಟೆಯ ಮೇಲೆ ಕುಂತು ತಮ್ಮ ಹೊಗಳಿಕೆ ತಾವೇ ಕೇಳುತ್ತಿದ್ದರು. ಇದು ನನಗೆ ಗೊತ್ತಿತ್ತು.

"ವಿಠಲಾ, ಆವತ್ತಿಂದು ಹಚ್ಚು."

"ಅದು ಅಳಿಸಿ ಹೋಗೈತಿ ವೈನಿ."

"ಹೌದಾ?"

ಅವನು ನೆಲ ನೋಡಿದ. ಕಾಶಿನಾಥಣ್ಣ, "ಹಚ್ಚೋ," ಅಂದ. "ಯಾವತ್ತಿದ್ರೂ ಕೇಳಾಕಿನ ಆಕಿ. ಹಚ್ಚು."

ಹಚ್ಚಿದ. ಇವರ ದನಿ ಬಂತು. ಬಚ್ಚಲಲ್ಲಿ ಕೇಳಿದ ದನಿಯೇ.

"...ಇವಗ ಆರಾಮಿಲ್ಲ!" ಮಂದಿ ಕೂಗಿದರು, "ಆರಾಮಿಲ್ಲ!" ಚಪ್ಪಾಳೆ. "ಇನ್ನ ಮೈಬೂಬ, ನಮ್ಮ ಮಾಬು! ಇವ ಬಾಲ್ ಒಗೀತಾನೋ, ಕಣ್ಣಾಗ ಉಸುಕು ಒಗೀತಾನೋ ಆ ದೇವರಿಗೇ ಗೊತ್ತು! ಇವಗ ಆರಾಮಿಲ್ಲ!" ಮತ್ತೆ ಚಪ್ಪಾಳೆ. "ಇನ್ನ ಬರ್ತಾಳ ನೋಡ್ರಿ, ಹೆಣ್ಣ ಹುಲಿ... ಗದಿಗೆಮ್ಮ... ಗದಿಗೆಮ್ಮ..."

ನಿಂತರು. ಉಸಿರು ಕೇಳಿಸಿತು.

"ನನಗ... ಆರಾಮಿಲ್ಲ."

"ಆರಾಮಿಲ್ಲ!" ಎಲ್ಲರೂ ಕೂಗಿದರು. ಯಾರೋ ಸಿಳ್ಳು ಹೊಡೆದರು. ಚಪ್ಪಾಳೆ ಬಿತ್ತು.

"ಇಲ್ರೋ... ನನಗ ಆರಾಮಿಲ್ಲೋ."

"ಹುಲಿಗೆ ಎಲ್ಲಿ ಆರಾಮೋ ಅಣ್ಣಾ!" ಇದು ವಿಠಲನ ದನಿ. ನಗು.

"ನಾಟಕ ಸಾಕ ಮಾಡೋ ಮೌನ್ಯಾ, ಮುಂದಿಂದು ಹೇಳು." ಇದು ಆನಂದಕುಮಾರನದು. ಮತ್ತೆ ನಗು. ಬೆಂಚು ಜರುಗಿದ ಸದ್ದು. ಗ್ಲಾಸು ಬಿದ್ದ ಸದ್ದು. ಇನ್ನೂ ಒಬ್ಬರು ಚಪ್ಪಾಳೆ ಹೊಡೆಯುತ್ತಲೇ ಇದ್ದರು. ಆಮೇಲೆ ಅದೂ ನಿಂತಿತು.

"ಏ ಮೌನಪ್ಪಾ," ಅಂದ ಕಾಶಿನಾಥಣ್ಣ.

ಅಲ್ಲಿಗೆ ಮುಗಿಯಿತು.

ಚಹಾ ಕುಡಿಯುತ್ತ ಸುಮ್ಮನೆ ವಾಲಲಿಲ್ಲ ನನ್ನ ಗಂಡ. ಹೇಳಿದ್ದರು. ನನಗೆ ಆರಾಮಿಲ್ಲ ಅಂತ ಬಾಯಿಬಿಟ್ಟು ಹೇಳಿದ್ದರು. ಎರಡು ಸಲ. ಮಂದಿ ಚಪ್ಪಾಳೆ ಹೊಡೆದರು. ಬೇರೆ ಯಾವ ಮಾತಿನಲ್ಲಿ ಹೇಳಿದ್ದರೂ, ಎದೆ ನೋವು ಅಂದಿದ್ದರೂ, ತೆಲುಗಿನಲ್ಲಿ ಅಂದಿದ್ದರೂ, ಎದ್ದು ಹಿಡಿಯುತ್ತಿದ್ದರು. ನಮ್ಮ ಮಾತಿನಲ್ಲಿ ನಮ್ಮವರಿಗೆ ಹೇಳಿದರು, ನಮ್ಮವರಿಗೆ ತಿಳಿಯಲಿಲ್ಲ.

ನಾನು ಗೋಡೆ ಹಿಡಿದುಕೊಂಡೆ. ಬೈಯಬೇಕು ಅನಿಸಿತು, ಬೈಗುಳ ಒಂದೂ ಬರಲಿಲ್ಲ.

ಆನಂದಕುಮಾರ ಎರಡೂ ಕೈ ಮುಗಿದು ನಿಂತಿದ್ದ. "ವೈನಿ, ನನ್ನ ಬಾಯಾಗ ಹುಳಾ ಬೀಳ್ಲಿ. ನಾಟಕ ಅಂದ್ನಿ ನಾ. ನಾಟಕ ಅಂದ್ನಿ."

"ಭಾಳ ಹೊತ್ತಲ್ಲವ್ವ ತಂಗಿ," ಅಂದ ಕಾಶಿನಾಥಣ್ಣ. "ಎದ್ದು ಹಿಡದ್ವಿ. ಆಟೋದಾಗ ಹಾಕಿದ್ವಿ. ನಿನಗ ಹೇಳಾಕ ಬಾಯಿ ಬರಲಿಲ್ಲ. ಹೊಡಿಯಂಗಿದ್ರ ಹೊಡಿ."

ವಿಠಲ ಫೋನು ಹಿಡಿದುಕೊಂಡೇ ಅಳುತ್ತಿದ್ದ. ನಾನು ಅವನನ್ನೇ ನೋಡಿದೆ. ಆ ದಿನ ಇಂಜಿನ್ ಬಂದ್ ಮಾಡದೆ ನನ್ನ ಬಾಗಿಲಿಗೆ ಬಂದವನು ಇವನೇ. ಇದೇ ಮಾತು ಹೇಳಿದ್ದ.

"ಅಳಬ್ಯಾಡೋ," ಅಂದೆ. "ನೀ ಬಂದು ಹೇಳಿದಾಗ ನಾನೂ ನಕ್ಕೀನಲ್ಲ."

ಆಗ ನನಗೆ ಅಳು ಬಂತು. ಆಸ್ಪತ್ರೆಯಲ್ಲಿ ಬಾರದ್ದು, ಮಣ್ಣಿನಲ್ಲಿ ಬಾರದ್ದು, ಗಂಡಸರ ಮುಂದೆ ಹೋಟೆಲಿನಲ್ಲಿ ಬಂತು. ಕಾಶಿನಾಥಣ್ಣ ಒಂದು ಚೊಂಬು ನೀರು ತಂದಿಟ್ಟ. ಯಾರೂ ಸಮಾಧಾನ ಮಾಡಲಿಲ್ಲ, ಅದೇ ಒಳ್ಳೆಯದಾಯಿತು. ಮುಖ ತೊಳೆದುಕೊಂಡೆ.

"ಇವತ್ತ ಬಿಡವ್ವ. ಮತ್ತೊಂದಿನ ಹೇಳಿದ್ರಾತು," ಅಂದ.

"ಮತ್ತೊಂದಿನ ನಾ ಬರಾಕಿಲ್ಲ. ಇವತ್ತೇ ಹೇಳ್ತೀನಿ." ಎದ್ದು ನಿಂತೆ. "ಇದು ಸುವರ್ಣನ ಅಪ್ಪನ ಟೀಮು."

ಕಾಶಿನಾಥಣ್ಣ ಕೆಮ್ಮಿದ. "ಹೆಸರು ಹಿಡದು ಹೇಳಬೇಕವ್ವ. ರೂಲ್ ಐತಿ."

"ನಿಮಗ ಗೊತ್ತಿಲ್ಲೇನ ಹೆಸರು?"

"ನಮಗ ಗೊತ್ತಿದ್ರ ನಡಿಯಂಗಿಲ್ಲ. ನೀ ಹೇಳಬೇಕು."

ಮದುವೆಯಲ್ಲಿ ಹೆಂಗಸರು ಅಡ್ಡ ನಿಂತು ಒಡಪು ಹೇಳಿಸಿದಾಗ ಆ ಹೆಸರು ಹೇಳಿದ್ದೆ. ಅದಾದ ಮೇಲೆ ರೇಷನ್ ಅಂಗಡಿಯಲ್ಲೂ ಮಗಳ ಕೈಯಲ್ಲಿ ಹೇಳಿಸಿದವಳು ನಾನು. ಸೆರಗು ಹೊದ್ದುಕೊಂಡೆ.

"ಇದು ಮೌನಪ್ಪನ ಟೀಮು," ಅಂದೆ.

ಹೇಳಿದ ಮೇಲೆ ಸಲೀಸಾಯಿತು. ಇವರ ಹಾಗೆ ಹೊಗಳಲು ನನಗೆ ಬರುವುದಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ.

"ಗದಿಗೆಮ್ಮ. ನನ್ನ ಜೋಡಿ ಕಾಂಕ್ರೀಟ್ ಹೊರತಿದ್ಲು. ಆಕಿ ಆಡಾಕ ಬಂದಿದ್ದಿಲ್ಲ, ಬುಟ್ಟಿ ಹೊತ್ತು ಬಯಲಾಗ ಹಾದು ಹೊಂಟಿದ್ಲು. ದೇವಿಂದ್ರಪ್ಪ ಹೊಡದ ಬಾಲ್ ಬಂದು ಆಕಿ ಬುಟ್ಟ್ಯಾಗ ಬಿತ್ತು. ಔಟ್ ಹೌದೋ ಅಲ್ಲೋ ಅಂತ ಊಟದ ಹೊತ್ತಿನತನ ಬಡದಾಡಿದ್ರಿ ನೀವು. ಅಂಪೈರ್ ಔಟ್ ಕೊಟ್ರು. ಆವತ್ತಿಂದ ಆಕಿ ಈ ಟೀಮ್‌ನಾಗ ಅದಾಳ."

ಯಾರೋ ಹಿಂದಿನಿಂದ, "ಖರೇ ಅಂದ್ರ ನಾಟೌಟ್ ಅದು," ಅಂದರು.

"ನಾಟೌಟ್ ಹ್ಯಾಂಗೋ?" ಅಂದ ವಿಠಲ ಮೂಗು ಒರೆಸಿಕೊಂಡು. "ಬಾಲ್ ನೆಲಕ್ಕ ಬಿದ್ದಿತ್ತೇನ?"

"ಕಾಂಕ್ರೀಟಿಗೆ ಬಿದ್ದಿತ್ತಲ್ಲೋ!"

ಜಗಳ ಹತ್ತುವುದರಲ್ಲಿತ್ತು. ಕಾಶಿನಾಥಣ್ಣ ಕೈ ಎತ್ತಿ ಸುಮ್ಮನಿರಿಸಿದ.

ಜಟ್ಟೆಪ್ಪನ ಬಗ್ಗೆ ಹೇಳಿದೆ. ಅವನು ಎಷ್ಟು ಜೋರಾಗಿ ಓಡುತ್ತಿದ್ದ ಅಂದರೆ ಲುಂಗಿ ಬಿಚ್ಚಿಬಿದ್ದರೂ ನಿಲ್ಲುತ್ತಿರಲಿಲ್ಲ, ಹೆಂಗಸರೇ ಮುಖ ತಿರುಗಿಸಬೇಕಿತ್ತು. ಯಂಕೋಬನನ್ನು ಹೊರಗೆ ಕೂರಿಸಿದೆ. "ಯಾಕ?" ಅಂದರು. "ಅವ ನಮ್ಮ ಮನ್ಯಾಗಿನ ಕೊಡ್ಲಿ ಒಯ್ದು ಕೊಟ್ಟಿಲ್ಲ," ಅಂದೆ. ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. "ನಗ್ರಿ," ಅಂದೆ.

ಕೊನೆಗೆ ಬಸು.

"ಬಸು ನನ್ನ ತಮ್ಮ. ಅವಗ ಆಡಾಕ ಬರತಿದ್ದಿಲ್ಲ. ಎಲ್ಲಾರಿಗೂ ಗೊತ್ತೈತಿ. ಒಮ್ಮಿ ಅಂಪೈರ್ ಅವನ್ನ ಔಟ್ ಕೊಟ್ರು. ಸ್ವಂತ ಹೆಂಡ್ತಿ ತಮ್ಮ. ಬಾಲ್ ಕಾಲಿಗೆ ಬಡದೈತಿ, ಹೋಗಪಾ ಅಂದ್ರು. ಬಸು ಸಿಟ್ಟಾಗಿ ಆವತ್ತ ನಮ್ಮ ಮನ್ಯಾಗ ಉಣ್ಣಲಿಲ್ಲ. ಮಾವ ಅನ್ನಾವ ಹಂಗ ಮಾಡ್ತಾನೇನ ಅಂತ ನನ್ನ ಮುಂದ ಅತ್ತ. ಇವರು ತಾಟು ಹಿಡಕೊಂಡು ಅವನ ಹಿಂದ ಬಯಲ ತುಂಬ ತಿರುಗಿದ್ರು. ಆದ್ರ ಔಟ್ ಅಂದಿದ್ದು ತಿರುಗಿ ತಗೋಲಿಲ್ಲ. ಬಸು ಕಡೀ ಆಟಗಾರ. ಅವ ಇರ್ತಾನ."

ಕುಂತೆ.

"ಇವಗ ಆರಾ..." ಅಂತ ಆನಂದಕುಮಾರ ರೂಢಿಯಿಂದ ಶುರು ಮಾಡಿ ನಾಲಿಗೆ ಕಚ್ಚಿಕೊಂಡ.

"ಇನ್ನೊಂದ ಮಾತು," ಅಂದೆ. "ಆ ಮಾತು ಇನ್ನ ಈ ಹೋಟೆಲ್‌ನಾಗ ಬ್ಯಾಡ. ಆಡಾವ ಆಡ್ತಾನ ಅನ್ರಿ. ಕೂಡಾವ ಕೂಡ್ತಾನ ಅನ್ರಿ. ಆರಾಮಿಲ್ಲ ಅಂತ ಯಾರರ ಅಂದ್ರ ಎದ್ದು ಕೈ ಹಿಡ್ರಿ. ಡಾಕ್ಟರ್ ಕಡೆ ಕರಕೊಂಡು ಹೋಗ್ರಿ. ಇದು ರೂಲ್ ಮಾಡ್ರಿ."

ಕಾಶಿನಾಥಣ್ಣ ದಾಳದ ಡಬ್ಬಿಯ ಮೇಲೆ ಕೈ ಇಟ್ಟ. "ಮಾಡಿದ್ವಿ," ಅಂದ. ಉಳಿದವರು ಒಬ್ಬೊಬ್ಬರೇ ಬಂದು ಅದರ ಮೇಲೆ ಕೈ ಇಟ್ಟರು. ಆನಂದಕುಮಾರ ಎಲ್ಲರಿಗಿಂತ ಹೆಚ್ಚು ಹೊತ್ತು ಇಟ್ಟ. ಟೀಮ್ ಉಳಿಯಿತು.

ಹೊರಡುವಾಗ ವಿಠಲ ಹಿಂದೆ ಬಂದ. "ವೈನಿ, ಅಣ್ಣನ ಹೆಸರಿಲೆ ಒಂದು ರಟ್ಟು ಮಾಡೋಣ್ರಿ? ಈಗ ಅವನೂ... ಬ್ಯಾಟು ಬಿಟ್ಟವರೊಳಗ ಬಂದನಲ್ಲ."

"ಅವರು ಬ್ಯಾಟು ಹಿಡದಿದ್ದು ಯಾವಾಗ ನೋಡಿದಿ? ಅಂಪೈರಗ ರಟ್ಟು ಇರಂಗಿಲ್ಲ," ಅಂದೆ.

ಮುಂದಿನ ಭಾನುವಾರ ಮೊದಲ ಆಟ. ನಾನೇ ದಾಳ ಹಾಕಿದೆ. ಸಾಬಣ್ಣ ಚೆನ್ನಾಗಿ ಹೊಡೆದ. ಬಸು ಮೊದಲ ದಾಳಕ್ಕೇ ಔಟಾದ. ಸೋತೆವು. ಮನೆಗೆ ಬಂದು ಚಪ್ಪಲಿ ಬಿಟ್ಟೆ. ಹೇಳಲು ಒಳಗೆ ಯಾರೂ ಇರಲಿಲ್ಲ. ಯಾದಮ್ಮ ಬಾಗಿಲಲ್ಲಿ ಕುಂತು ಮಗುವಿಗೆ ತುತ್ತಿಡುತ್ತಿದ್ದಳು, ಅವಳಿಗೇ ಹೇಳಿದೆ. ಅವಳಿಗೆ ಏನೂ ತಿಳಿಯಲಿಲ್ಲ. "ಅಯ್ಯೋ," ಅಂದಳು.

ಇವರು ಕೊನೆಗೆ ಹಲಗೆ ಬಡಿದ ಮನೆಗೆ ಇವರು ಹೋದ ಮೇಲೆ ಸ್ಲ್ಯಾಬ್ ಹಾಕಿದರು. ಅದು ಗಟ್ಟಿಯಾಗಲೆಂದು ನೀರುಣಿಸುವ ಕೆಲಸ ನನ್ನದಾಯಿತು. ಅದು ಮುಗಿದ ಮೇಲೆ ಇನ್ನೊಂದು ಮನೆ, ಈಗ ಮತ್ತೊಂದು. ದಿನಾ ಬೆಳಿಗ್ಗೆ ಬಿಸಿಲು ಏರುವ ಮೊದಲು ಏಣಿ ಹತ್ತುತ್ತೇನೆ. ಸ್ಲ್ಯಾಬಿನ ಮೇಲೆ ಸಿಮೆಂಟಿನಿಂದ ಸಣ್ಣ ಸಣ್ಣ ಒಡ್ಡು ಕಟ್ಟಿರುತ್ತಾರೆ. ಒಡೆದದ್ದನ್ನು ಮೆತ್ತುತ್ತೇನೆ. ಪೈಪು ಹಿಡಿದು ನೀರು ನಿಲ್ಲಿಸುತ್ತೇನೆ. ಕಂಬಕ್ಕೆ ಸುತ್ತಿದ ಗೋಣಿತಾಟು ತೋಯಿಸುತ್ತೇನೆ. ನೀರು ಬಿಡುತ್ತ ಟೀಮಿನ ಹೆಸರು ಹೇಳಿಕೊಳ್ಳುತ್ತೇನೆ, ವರ್ಷ ಬಂದರೆ ಮತ್ತೆ ಹೇಳಬೇಕಲ್ಲ. ಸಾಬಣ್ಣ, ದೇವಿಂದ್ರಪ್ಪ, ಮಾಬು, ಗದಿಗೆಮ್ಮ. ನಡುವೆ ಒಬ್ಬರು ಮರೆತುಹೋಗುತ್ತಾರೆ. ಆಗ ಮತ್ತೆ ಮೊದಲಿನಿಂದ ಹೇಳುತ್ತೇನೆ, ನೀರೂ ಮೊದಲಿನಿಂದ ಬಿಡುತ್ತೇನೆ.